ಆರೂವರೆಯ ದೀಪ

ಹನುಮಪ್ಪಾ, ನುಗ್ಗಿಕೇರಿಯ ಒಡೆಯಾ, ಸತ್ತೂರಿನ ಈ ಮನೆಯಲ್ಲಿ ನಿನ್ನ ಪಟದ ಮುಂದೆ ದೀಪ ಹಚ್ಚಿದ್ದೇನೆ. ಗಡಿಯಾರದಲ್ಲಿ ಆರೂವರೆ. ನಮಗಿದು ಸಂಜೆ ದೀಪದ ಹೊತ್ತು, ಅಮೆರಿಕದ ಬಫಲೊ ಊರಿನಲ್ಲಿ ಬೆಳಗಿನ ಎಂಟು. ನನ್ನ ಮಗಳು ಕಾರಿನ ಗಾಜಿಗೆ ಹತ್ತಿದ ಹಿಮ ಕೆರೆದು, ಬೆರಳಿಗೆ ಉಸಿರು ಊದಿಕೊಂಡು ಸ್ಟೇರಿಂಗ್ ಹಿಡಿಯುವ ಹೊತ್ತು. ಆಕೆ ಆಫೀಸು ಸೇರಿ ‘ಮುಟ್ಟೇನಿ’ ಎಂದು ಮೆಸೇಜು ಹಾಕುವತನಕ, ಸುಮಾರು ನಲವತ್ತು ನಿಮಿಷ, ನಿನ್ನೊಡನೆ ಮಾತಾಡುವುದು ನನ್ನ ಚಳಿಗಾಲದ ರೂಢಿ. ಬೇಸಿಗೆಯಲ್ಲಿ ಈ ಹೊತ್ತಿಗೆ ಧಾರಾವಾಹಿ ನೋಡುತ್ತೇನೆ. ನಿನಗೇಕೆ ಸುಳ್ಳು ಹೇಳಲಿ.

ಹಿಮದ ಮಾತು ನಿನಗಲ್ಲದೆ ಯಾರಿಗೆ ಹೇಳಲಿ? ನಮ್ಮ ಸುತ್ತಿನ ದೇವರುಗಳಿಗೆ ಮಳೆ ಗೊತ್ತು, ಬರ ಗೊತ್ತು. ಶಿವನಿಗೆ ಹಿಮ ಗೊತ್ತಾದರೂ ಅವನಿಗೆ ಅದು ಮನೆ. ಆನೆಗೊಂದಿಯ ಕಾದ ಬಂಡೆಗಳ ನಡುವೆ ಅಂಜನಾದ್ರಿಯಲ್ಲಿ ಹುಟ್ಟಿ, ಹಿಮಾಲಯಕ್ಕೆ ಹೋಗಿ, ಸಂಜೀವಿನಿಯ ಗುಡ್ಡವನ್ನೇ ಕಿತ್ತುಕೊಂಡು ರಾತ್ರೋರಾತ್ರಿ ತಿರುಗಿ ಬಂದವ ನೀನು. ಬಿಸಿಲ ನಾಡಿನ ಮಗ ಹಿಮದೊಳಗೆ ಹೇಗಿರುತ್ತಾನೆಂಬುದು ನಿನಗೆ ತಿಳಿದದ್ದೇ.

ನಾನು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವ. ಹೆಚ್ಚಿನ ಕಾಲ ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಸೀಮೆಯಲ್ಲಿ. ಆಗ ಊರೂರಿಗೆ ಡಾಂಬರು ಇರಲಿಲ್ಲ. ಎರಿ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಬೆಣ್ಣೆಯಾಗುತ್ತದೆ. ಟಾಯರಿನ ಸಂದುಗಳಲ್ಲೆಲ್ಲ ತುಂಬಿಕೊಂಡು ಹೊಸ ಟಾಯರನ್ನೂ ಬೋಳು ಮಾಡುತ್ತದೆ. ಆಮೇಲೆ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗುತ್ತವೆ, ಬಸ್ಸು ಅಡ್ಡಡ್ಡ ಸರಿಯುತ್ತದೆ. ಕಂಡಕ್ಟರು ‘ಇಳೀರಿ, ಎಲ್ಲಾರೂ ಇಳೀರಿ’ ಅನ್ನುತ್ತಿದ್ದ. ಜನ ಬೈಯುತ್ತಲೇ ಇಳಿದು, ಪಕ್ಕದ ಹೊಲದಿಂದ ಕಣಿಕಿ ತಂದು ಗಾಲಿಯ ಕೆಳಗೆ ಹಾಸುತ್ತಿದ್ದರು. ಜಾರುವ ನೆಲದ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸೊಕ್ಕು ಇದ್ದದ್ದು ಅದಕ್ಕೇ.

ಮಗಳು ತೆಗೆದುಕೊಂಡದ್ದು ಸುಬಾರು ಡಬ್ಲ್ಯೂಆರ್‌ಎಕ್ಸ್. ನಾಲ್ಕೂ ಗಾಲಿ ಎಳೆಯುವ, 271 ಹಾರ್ಸ್‌ಪವರಿನ ಓಟದ ಕಾರು. ಐವತ್ತು ಜನರನ್ನೂ ಅವರ ಬುಟ್ಟಿ-ಗಂಟುಗಳನ್ನೂ ಹೊತ್ತ ನನ್ನ ಬಸ್ಸಿಗೆ ಅದರ ಅರ್ಧದಷ್ಟೂ ಇರಲಿಲ್ಲ. ಒಬ್ಬಳೇ ಹುಡುಗಿಗೆ ಇಷ್ಟೇಕೆ ಎಂದರೆ ನಕ್ಕಳು. ಕಾರಿನ ಮೂತಿಯ ಮೇಲೆ ಆರು ನಕ್ಷತ್ರಗಳ ಗುರುತು. ಸುಬಾರು ಎಂದರೆ ಜಪಾನಿ ಭಾಷೆಯಲ್ಲಿ ನಮ್ಮ ಕೃತ್ತಿಕೆಯೇ ಅಂತೆ. ಅದನ್ನು ಕೇಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ನಮ್ಮ ರೈತನಿಗೆ ಕೃತ್ತಿಕೆ ಎಂದರೆ ಮೇ ತಿಂಗಳ ಮಳೆ, ಎರಿ ಹೊಲ ಮೊದಲ ಸಲ ಜಾರುವ ಕಾಲ.

ಆ ಕಾರಿನ ವಂಶಾವಳಿಯನ್ನೂ ಆಕೆ ಹೇಳಿದಳು, ನಿನಗೂ ಹೇಳುತ್ತೇನೆ. ಹಿಮದ ಬೆಟ್ಟಗಳಲ್ಲಿ ತಂತಿ ನೋಡಲು ಹೋಗುವ ನೌಕರರಿಗೆ ಬೆಚ್ಚಗಿನ, ನಾಲ್ಕು ಗಾಲಿಯೂ ಎಳೆಯುವ ಗಾಡಿ ಬೇಕೆಂದು ಜಪಾನಿನ ಉತ್ತರದ ಒಂದು ವಿದ್ಯುತ್ ಕಂಪನಿ ಕೇಳಿತ್ತಂತೆ. 1972ರಲ್ಲಿ ಬಂದ, ನಾಲ್ಕೂ ಗಾಲಿ ಎಳೆಯುವ ಸುಬಾರು ಲಿಯೋನ್ ಹುಟ್ಟಿದ್ದು ಹಾಗೆ. ಇಲ್ಲೇ ನವನಗರದಲ್ಲಿ ಹೆಸ್ಕಾಂ ಕಚೇರಿ ಇದೆಯಲ್ಲ, ಅಲ್ಲಿಯ ಲೈನ್‌ಮನ್‌ಗಳ ಬಳಗದವರಿಗಾಗಿ ಹುಟ್ಟಿದ ಗಾಡಿ ಮುಂದೆ ರೇಸಿಗೆ ಇಳಿಯಿತು. ಜರ್ಮನಿಯ ಔಡಿಯ ಕಥೆಯೂ ಅಂಥದೇ. 1977ರ ಚಳಿಗಾಲದಲ್ಲಿ ಫಿನ್‌ಲ್ಯಾಂಡಿನ ಹಿಮದಲ್ಲಿ, ಬಲವಾದ ಕಾರುಗಳನ್ನು ಸೈನ್ಯಕ್ಕೆಂದು ಮಾಡಿದ ಒಂದು ಬಡಕಲು ಜೀಪು ಹಿಂದೆ ಹಾಕಿತು. 1980ರ ಕ್ವಾಟ್ರೊ ಬಂದದ್ದು ಅದರ ಬೆನ್ನಿಗೇ.

ನಾಲ್ಕು ಗಾಲಿಗೆ ಬಲ ಕೊಡುವುದು ಅಷ್ಟು ಸುಲಭವಲ್ಲ. ರಂಟೆ ಹೊಡೆಯುವವ ಸಾಲಿನ ಕೊನೆಗೆ ತಿರುಗುವಾಗ ಒಳಗಿನ ಎತ್ತು ನಿಂತಲ್ಲೇ ಹೆಜ್ಜೆ ಹಾಕಿ, ಹೊರಗಿನ ಎತ್ತು ದೊಡ್ಡ ಸುತ್ತು ನಡೆಯುತ್ತದೆ. ಎರಡೂ ಒಂದೇ ಹೆಜ್ಜೆ ಹಾಕಬೇಕೆಂದು ಹಟ ಹಿಡಿದರೆ ನೊಗ ಮುರಿಯುತ್ತದೆ. ಗಾಡಿಯಲ್ಲಿ ಆ ಕೆಲಸ ಡಿಫರೆನ್ಷಿಯಲ್ಲಿನದು. ಅದರ ದೋಷವೆಂದರೆ, ಒಂದು ಗಾಲಿ ಜಾರಿದರೆ ಬಲವೆಲ್ಲ ಆ ಜಾರುವ ಗಾಲಿಗೇ ಹರಿದುಹೋಗುತ್ತದೆ, ಮೈಗಳ್ಳ ಎತ್ತಿಗೇ ಮೇವು ಹಾಕಿದಂತೆ. ಮಗಳ ಕಾರು ಆ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚಿ, ಜಾರಿದ ಗಾಲಿಗೆ ತಾನೇ ಬ್ರೇಕು ಹಾಕಿ, ಹಿಡಿತವಿದ್ದ ಗಾಲಿಯನ್ನು ದುಡಿಸುತ್ತದೆ. ಮೊಣಕಾಲೆತ್ತರದ ಹಿಮದಿಂದ ಅದು ಎದ್ದು ಹೊರಟದ್ದನ್ನು ನಾನೇ ಕಂಡಿದ್ದೇನೆ. ಕಣಿಕಿಯ ಹಂಗಿಲ್ಲ, ಇಳಿದು ತಳ್ಳುವವರ ಹಂಗಿಲ್ಲ.

ನನ್ನ ಹೆದರಿಕೆ ಶುರುವಾದದ್ದೂ ಅಲ್ಲಿಂದಲೇ, ಹನುಮಪ್ಪಾ. ಒಂದು ಚಳಿಗಾಲ ಆಕೆಯ ಮನೆಗೆ ಹೋಗಿದ್ದೆ. ಭಾನುವಾರ ಬೆಳಗ್ಗೆ ಖಾಲಿ ಬಿದ್ದ ದೊಡ್ಡ ಪಾರ್ಕಿಂಗ್ ಮೈದಾನಕ್ಕೆ ಕರೆದೊಯ್ದು ‘ಒಂದ್ಸಲ ನೋಡ್ರಿ ಅಪ್ಪಾ’ ಎಂದು ಪಕ್ಕಕ್ಕೆ ಸರಿದಳು. ಮೊದಲ ಗೇರಿನಲ್ಲಿ ಕಾರು ಹದ್ದಿನಂತೆ ಹೊರಟಿತು. ಎಲ್ಲೂ ಒಂದಿಷ್ಟೂ ಜಾರಲಿಲ್ಲ. ಎರಿ ಸೀಮೆಯ ಮುದುಕನಿಗೆ ಹಿಗ್ಗು ಬಂತು. ಎದುರಿನ ಕಂಬಕ್ಕೆ ಇನ್ನೂ ದೂರವಿದೆ ಎಂದು ಬ್ರೇಕು ತುಳಿದೆ. ಪೆಡಲು ಕಾಲ ಕೆಳಗೆ ಗಡಗಡ ನಡುಗಿತು. ಕಾರು ಮಾತ್ರ ಏನೂ ಆಗಿಲ್ಲವೆಂಬಂತೆ ನೆಟ್ಟಗೆ ಕಂಬದ ಕಡೆ ಹೊರಟಿತು. ‘ಕಂಬ ನೋಡಬ್ಯಾಡ್ರಿ, ಹೋಗಬೇಕಾದ ಕಡೆ ನೋಡ್ರಿ!’ ಎಂದು ಆಕೆ ಕೂಗಿದಳು. ಕಣ್ಣು ಹೊರಳಿಸಿದೆ, ಕೈ ತಾನೇ ಹೊರಳಿತು. ಒಂದು ಮಾರು ಬಿಟ್ಟು ನಿಂತೆವು. ಮೂವತ್ತೊಂದು ವರ್ಷದ ಸೊಕ್ಕು ಆ ಹಿಮದಲ್ಲೇ ಬಿದ್ದಿದೆ.

ಹೊರಡುವ ಬಲ ಬೇರೆ, ನಿಲ್ಲುವ ಬಲ ಬೇರೆ. ಬ್ರೇಕು ಎಲ್ಲ ಕಾರಿಗೂ ನಾಲ್ಕೇ ಗಾಲಿಗೆ. ಎರಡು ಗಾಲಿ ಎಳೆಯುವ ಬಡ ಕಾರೂ, ನಾಲ್ಕು ಗಾಲಿ ಎಳೆಯುವ ಸಿರಿವಂತ ಕಾರೂ ಹಿಮದಲ್ಲಿ ನಿಲ್ಲುವಾಗ ಸರಿಸಮಾನ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದು ಬ್ರೇಕು ಹಾಕಿದರೆ ಒಣ ರಸ್ತೆಯಲ್ಲಿ ಸುಮಾರು 20 ಮೀಟರಿಗೆ ನಿಲ್ಲಬಹುದು. ಗಟ್ಟಿಯಾಗಿ ತುಳಿದ ಹಿಮದ ಮೇಲೆ 70 ಮೀಟರ್ ಬೇಕಾದೀತು, ಮಂಜುಗಡ್ಡೆಯ ಮೇಲೆ 140. ಇಲ್ಲಿ ನಮ್ಮ ಮುಂದೆ ಓಡುವ 12 ಮೀಟರಿನ ಚಿಗರಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ ಲೆಕ್ಕ ಹಾಕಿದೆ. ಒಣ ರಸ್ತೆಗೆ ಎರಡು ಬಸ್ಸೂ ತುಂಬಲಿಲ್ಲ, ಮಂಜುಗಡ್ಡೆಗೆ ಹನ್ನೆರಡು ಬೇಕಾದವು. ಹೊರಡುವಾಗ ಜಾರದ ಕಾರು ನೆಲ ಜಾರುತ್ತದೆಂಬ ಸುದ್ದಿಯನ್ನೇ ಮುಚ್ಚಿಡುತ್ತದೆ. ನನ್ನ ಬಸ್ಸು ಹಾಗಲ್ಲ, ಮೊದಲ ಮಾರಿನಲ್ಲೇ ಚಾಡಿ ಹೇಳಿ ನನ್ನನ್ನು ಹೆದರಿಸಿ ಇಡುತ್ತಿತ್ತು.

ನಿಲ್ಲಿಸುವುದು ಟಾಯರು. ಇದೂ ನನಗೆ ಅಲ್ಲೇ ತಿಳಿದದ್ದು. ಆ ಕಾರಿನ ಜೊತೆ ಬಂದದ್ದು ಬೇಸಿಗೆಯ ಟಾಯರು, 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದರ ರಬ್ಬರು ಬಿರುಸಾಗುತ್ತದೆ. ಚಳಿಗಾಲದ ಟಾಯರಿನ ರಬ್ಬರು ಮೆತ್ತಗಿದ್ದು, ಮೈತುಂಬ ಸಣ್ಣ ಸಣ್ಣ ಸೀಳು ಇರುತ್ತವೆ. ಅದರ ಸಂದುಗಳಲ್ಲಿ ಹಿಮ ತುಂಬಿಕೊಳ್ಳಬೇಕಂತೆ. ಎರಿ ಮಣ್ಣು ತುಂಬಿದರೆ ಕೆಡುತ್ತದೆ, ಹಿಮ ತುಂಬಿದರೆ ಹಿಮವನ್ನು ಹಿಮವೇ ಹಿಡಿಯುತ್ತದೆ. ಪಕ್ಕದ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 2008ರಿಂದ ಚಳಿಗಾಲದ ಟಾಯರು ಕಡ್ಡಾಯ. ಮಗಳ ಊರಿನಲ್ಲಿ ಅಂಥ ಕಾಯ್ದೆಯಿಲ್ಲ. ನಾಲ್ಕು ಟಾಯರಿಗೆ ದುಡ್ಡು ನಾನೇ ಕೊಡುತ್ತೇನೆಂದು ಕುಳಿತಲ್ಲೇ ಕುಳಿತೆ. ಆಕೆಯೇ ಹಾಕಿಸಿದಳು.

ಕಾರಿನ ಪೂಜೆ ನಿನಗೆ ನೆನಪಿದೆಯಲ್ಲ? ಹೊಸ ಗಾಡಿ ಕೊಂಡವರು ನಿನ್ನ ಗುಡಿಯ ಮುಂದೆ ತಂದು ನಿಲ್ಲಿಸುತ್ತಾರೆ. ನಾನು ತಂದದ್ದು ಎರಡನೆಯ ಕೀಲಿಕೈ ಮಾತ್ರ, ಆಕೆಯ ಗೆಳತಿಯ ಕೈಯಲ್ಲಿ ಬಂದದ್ದು. ಪೂಜಾರಿ ನಕ್ಕು ನಿನ್ನ ಪಾದಕ್ಕೆ ಮುಟ್ಟಿಸಿ ಕೊಟ್ಟ. ಅತ್ತ ಆಕೆ ನಾಲ್ಕು ಗಾಲಿಗೆ ನಾಲ್ಕು ಲಿಂಬೆಹಣ್ಣು ಇಟ್ಟು ಕಾರು ಬಿಟ್ಟರೆ ಒಂದೂ ಒಡೆಯಲಿಲ್ಲ. ಹಿಮದೊಳಗೆ ಹೂತು ಹೋದವು. ‘ಇದು ಶಕುನಾನೋ ಅಪಶಕುನಾನೋ?’ ಎಂದು ಫೋನು ಮಾಡಿದಳು. ನನಗೂ ಗೊತ್ತಿರಲಿಲ್ಲ. ನೀನೂ ಇದುವರೆಗೆ ಹೇಳಿಲ್ಲ.

ಬಫಲೊದ ಹಿಮ ಈರಿ ಎಂಬ ಸರೋವರದ ಹಿಮ. ನೀರು ಇನ್ನೂ ಹೆಪ್ಪುಗಟ್ಟದಿರುವಾಗ ಅದರ ಮೇಲೆ ಬೀಸುವ ಶೀತಗಾಳಿ ಆವಿ ಕುಡಿದು, ದಂಡೆಗೆ ಬಂದು ಹಿಮವಾಗಿ ಸುರಿಯುತ್ತದೆ. ನಿನ್ನ ತಂದೆಯದೇ ಕೆಲಸ, ಕೇಳಿ ನೋಡು. 2022ರ ಡಿಸೆಂಬರಿನಲ್ಲಿ ಕ್ರಿಸ್ಮಸ್ಸಿನ ದಿನಗಳಲ್ಲಿ ಹಾಗೆ ಸುರಿದು 40ಕ್ಕೂ ಹೆಚ್ಚು ಜನ ಸತ್ತರು, ಕೆಲವರು ಕಾರಿನಲ್ಲಿ ಕುಳಿತಲ್ಲೇ. ಅಂದಿನಿಂದ ಆಕೆಯ ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಉಸುಕಿನ ಚೀಲ ಇವೆ. ಸಿಕ್ಕಿಬಿದ್ದರೆ ಮೊದಲು ಸೈಲೆನ್ಸರಿನ ಬಾಯಿಯ ಹಿಮ ತೆಗೆಯಬೇಕು, ಇಲ್ಲದಿದ್ದರೆ ಹೊಗೆ ಒಳಗೆ ಬಂದು ನಿದ್ದೆಯಲ್ಲೇ ಕೊಲ್ಲುತ್ತದೆ ಎಂಬುದೂ ಆಕೆಗೆ ಬಾಯಿಪಾಠ.

ಒಂದು ತಕರಾರು ನಿನ್ನ ಮೇಲೆ ಬಾಕಿ ಇದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಆರನೆಯ ದಿನ ಜೀವಂತ ಸಿಕ್ಕವ ಒಬ್ಬನೇ, ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ. ನಿನ್ನ ಹೆಸರು ಹೊತ್ತವ. ಹಿಮ ಕಾಣದ ನಮ್ಮ ಜಿಲ್ಲೆ ಮೂರು ದಿನ ಹಿಮವನ್ನೇ ಮಾತಾಡಿತು. ಗುಡಿ, ದರ್ಗಾ, ಚರ್ಚು ಎನ್ನದೆ ಬೇಡಿಕೊಂಡಿತು. ನಾನೂ ನಿನ್ನ ಮುಂದೆ ನಿಂತಿದ್ದೆ. 11ನೇ ತಾರೀಖು ಅವರು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಸಂಜೀವಿನಿಯ ಗುಡ್ಡ ತಂದವನೇ, ಆ ಸಲ ಎಲ್ಲಿ ತಡವಾಯಿತು? ಆರು ದಿನ ಉಸಿರು ಉಳಿಸಿದವ ನೀನೇ ಎಂದು ನನ್ನ ಹೆಂಡತಿ ನಿನ್ನ ಪರ ವಾದಿಸುತ್ತಾಳೆ. ನಾನು ಒಪ್ಪಿಲ್ಲ. ಆದರೂ ದೀಪ ನಿನಗೇ ಹಚ್ಚುತ್ತೇನೆ.

ಸಾವಿಗೆ ಹಿಮವೇ ಬೇಕೆಂದೂ ಇಲ್ಲ. 2021ರ ಜನವರಿ 15ರ ಬೆಳಗ್ಗೆ ನಮ್ಮ ಹತ್ತಿರದ ಇಟಿಗಟ್ಟಿಯ ಬಳಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟ ಗೆಳತಿಯರ ಮಿನಿ ಬಸ್ಸಿಗೆ ಟಿಪ್ಪರು ಎದುರಾಯಿತು. ಒಣ ಡಾಂಬರಿನ ಮೇಲೆ. ಸತ್ತೂರಿನ ದೊಡ್ಡ ಆಸ್ಪತ್ರೆಯ ಕಡೆ ಆಂಬುಲೆನ್ಸು ಕೂಗಿಕೊಂಡು ಹೋದಾಗಲೆಲ್ಲ ಈ ಕೋಣೆಯಲ್ಲಿ ನನ್ನ ಬಲಗಾಲು ತಾನೇ ನೆಲ ಒತ್ತುತ್ತದೆ, ಅಲ್ಲಿ ಬ್ರೇಕು ಇದ್ದಂತೆ.

ಅದಕ್ಕೇ ಆಕೆಗೆ ಧೈರ್ಯ ಕೊಡು ಎಂದು ಬೇಡುವುದಿಲ್ಲ, ಅದು ಇದೆ. ಬಲವೂ ಬೇಡ, 271 ಇದೆ. ಕಡಲು ಹಾರುವಾಗ ಸುರಸೆ ಬಾಯಿ ತೆರೆದು ನಿಂತಳಲ್ಲ, ನೀನೂ ಬೆಳೆದೆ, ಆಕೆಯೂ ಬೆಳೆದಳು. ಕೊನೆಗೆ ಹೆಬ್ಬೆರಳಷ್ಟಾಗಿ ಒಳಗೆ ಹೋಗಿ ಹೊರಗೆ ಬಂದೆ. ಎಲ್ಲರೂ ನಿನ್ನ ಹಾರುವಿಕೆಯನ್ನು ಹೊಗಳುತ್ತಾರೆ, ನನಗೆ ಬೇಕಾದದ್ದು ಆ ಹೆಬ್ಬೆರಳು. ಇಳಿಜಾರಿಗೆ ಮುಂಚೆ, ಸಿಗ್ನಲ್ಲಿಗೆ ಮುಂಚೆ ಆಕೆಯ ಬಲಗಾಲು ಅಷ್ಟು ಸಣ್ಣದಾಗಲಿ. ಮುಂದಿನ ಕಾರಿಗೂ ಆಕೆಗೂ ನಡುವೆ ಹನ್ನೆರಡು ಬಸ್ಸಿನ ಜಾಗ ಇರಲಿ. ಶನಿವಾರ ಎಲೆಪೂಜೆ ಮಾಡಿಸುತ್ತೇನೆ, ನವಲೂರ ಪೇರಲ ಸಿಕ್ಕರೆ ಅದನ್ನೂ ತರುತ್ತೇನೆ.

ಏಳು ಹತ್ತು ದಾಟಿತು. ಫೋನು ಮಿಣುಕಿತು, ಕರೆಂಟ್ ಬಿಲ್ಲು. ಏಳು ಹದಿನೆಂಟು. ಈಗ ಬಂತು, ನೋಡು: ‘ಮುಟ್ಟೇನಿ ಅಪ್ಪಾ. ಭಾಳ ನಿಧಾನ ಬಂದೆ. ಹಿಂದಿನಾಂವ ಹಾರ್ನ್ ಹೊಡದು ಹೊಡದು ಸುಸ್ತಾದ.’

ದೀಪಕ್ಕೆ ಇನ್ನೊಂದು ಚಮಚ ಎಣ್ಣೆ ಹಾಕುತ್ತೇನೆ. ಸಂಜೆ ಐದಕ್ಕೆ ಆಕೆ ತಿರುಗಿ ಹೊರಡುತ್ತಾಳೆ, ನಮಗಾಗ ನಸುಕಿನ ಮೂರೂವರೆ. ಅಲಾರಾಂ ಇಟ್ಟಿದ್ದೇನೆ. ನೀನೂ ಎದ್ದಿರು.