ಮೌನವು ಮರ್ಯಾದೆಯೇ?

ಹದಿಹರೆಯದ ಮಗನೋ ಮಗಳೋ ಲೈಂಗಿಕ ರೋಗಗಳ ವಿಷಯ ಕೇಳಿದೊಡನೆ ನಾವು ಮಾತು ಮರೆಸುತ್ತೇವೆ. ಅದನ್ನೇ ಮರ್ಯಾದೆ ಎನ್ನುತ್ತೇವೆ. ನಮ್ಮ ಪ್ರಾಚೀನ ವೈದ್ಯರಿಗೆ ಈ ಸಂಕೋಚವಿರಲಿಲ್ಲ. 16ನೆಯ ಶತಮಾನದ ‘ಭಾವಪ್ರಕಾಶ’ವು ಸಿಫಿಲಿಸನ್ನು ಫಿರಂಗರೋಗವೆಂದು ಹೆಸರಿಟ್ಟೇ ವಿವರಿಸಿದೆ.

ಈ ರೋಗದ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ; 3ರಿಂದ 6 ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ರೋಗ ಮಾತ್ರ ಮಾಯುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ವರ್ಷಗಳ ತರುವಾಯ ಹೃದಯ, ಮಿದುಳುಗಳನ್ನು ಕೆಡಿಸಬಲ್ಲದು. ಗರ್ಭಸ್ಥ ಶಿಶುವಿಗೂ ತಗಲಬಲ್ಲದು. ಆರಂಭದಲ್ಲಿಯೇ ವೈದ್ಯರನ್ನು ಕಂಡರೆ ಪೆನಿಸಿಲಿನ್‌ನಿಂದ ಗುಣವಾಗುತ್ತದೆ. ಕಾಣಬೇಕೆಂದು ಮಕ್ಕಳಿಗೆ ಹೇಳುವವರಾರು?

ಸಂಯಮವನ್ನು ಅವಶ್ಯವಾಗಿ ಬೋಧಿಸೋಣ; ಅದು ನಮ್ಮ ಕಾಯಕವೇ ಸರಿ. ಆದರೆ ಎಡವಿದ ಮಗು ನಮ್ಮ ಕೋಪಕ್ಕಂಜಿ ಹುಣ್ಣನ್ನು ಮುಚ್ಚಿಟ್ಟರೆ, ಆ ಅಪರಾಧದಲ್ಲಿ ಹೆತ್ತವರಿಗೂ ಪಾಲುಂಟು. ಎಡವದೆಯೇ, ಅನ್ಯರ ಬಲಾತ್ಕಾರದಿಂದ ರೋಗ ತಗಲಿಸಿಕೊಂಡ ಮಕ್ಕಳೂ ಹೀಗೆಯೇ ಮುಚ್ಚಿಡುತ್ತಾರೆ.