ಕೊಟ್ಟ ಮಾತು ಯಾರ ಸೊತ್ತು?

ದೇವರ ಹೆಸರಿನಲ್ಲಿ ಕೊಟ್ಟ ಮಾತನ್ನು ಒಳ್ಳೆಯ ಉದ್ದೇಶಕ್ಕಾಗಿ ಮುರಿಯಬಹುದೇ? ಸ್ವಾರ್ಥಕ್ಕಾಗಿ ಮುರಿಯಬಾರದೆಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ‘ಎಲ್ಲರ ಒಳಿತಿಗಾಗಿ’ ಎಂಬ ಕಾರಣ ಎದುರು ಬಂದು ನಿಂತಾಗ ನಮ್ಮ ಮನಸ್ಸಾಕ್ಷಿ ಮೆತ್ತಗಾಗುತ್ತದೆ. ಹನ್ನೆರಡನೆಯ ಶತಮಾನದ ಇಂಗ್ಲೆಂಡ್ ದೇಶ ಈ ಪ್ರಶ್ನೆಗೆ ಬಹಳ ದುಬಾರಿ ಬೆಲೆ ತೆತ್ತು ಉತ್ತರ ಕಂಡುಕೊಂಡಿತು.

ಅಲ್ಲಿನ ರಾಜ ಒಂದನೆಯ ಹೆನ್ರಿಗೆ ಧರ್ಮಸಮ್ಮತ ವಿವಾಹದಿಂದ ಹುಟ್ಟಿದ ಒಬ್ಬನೇ ಗಂಡುಮಗ ವಿಲಿಯಂ. 1120ರ ನವೆಂಬರ್ 25ರ ರಾತ್ರಿ ನಾರ್ಮಂಡಿಯ ಬಾರ್‌ಫ್ಲರ್ ಬಂದರಿನಿಂದ ಹೊರಟ ‘ಬಿಳಿ ಹಡಗು’ ಬಂಡೆಗೆ ಬಡಿದು ಮುಳುಗಿತು. ಅವನೂ ಮುಳುಗಿ ಸತ್ತ. ಉಳಿದವಳು ಮಗಳು ಮಟಿಲ್ಡಾ, ಜರ್ಮನಿಯ ಚಕ್ರವರ್ತಿಯ ವಿಧವೆ. 1127ರ ಹೊಸವರ್ಷದ ಹೊತ್ತಿಗೆ ಹೆನ್ರಿ ತನ್ನ ಸರದಾರರನ್ನೂ ಧರ್ಮಾಧ್ಯಕ್ಷರನ್ನೂ ಸೇರಿಸಿ, ತನಗೆ ಮತ್ತೆ ಗಂಡುಮಗ ಹುಟ್ಟದಿದ್ದರೆ ಮಟಿಲ್ಡಾಳೇ ಉತ್ತರಾಧಿಕಾರಿ ಎಂದು ಅವರಿಂದ ಪ್ರಮಾಣ ಮಾಡಿಸಿದ. ಹಾಗೆ ಪ್ರಮಾಣ ಮಾಡಿದ ಪ್ರಮುಖರಲ್ಲಿ ಸ್ಟೀಫನ್ ಒಬ್ಬ. ಅವನು ಹೆನ್ರಿಯ ಸೋದರಿಯ ಮಗ; ಮಟಿಲ್ಡಾಳಿಗೆ ಸೋದರತ್ತೆಯ ಮಗ.

1135ರ ಡಿಸೆಂಬರ್ 1ರಂದು ಹೆನ್ರಿ ನಾರ್ಮಂಡಿಯಲ್ಲಿ ತೀರಿಕೊಂಡ. ಸ್ಟೀಫನ್ ತಡಮಾಡದೆ ಕಡಲು ದಾಟಿ ಲಂಡನ್ ಸೇರಿದ. ಅದೇ ತಿಂಗಳ 22ರಂದು ಅವನ ತಲೆಯ ಮೇಲೆ ಕಿರೀಟವಿತ್ತು! ಕಿರೀಟ ತೊಡಿಸಿದವರು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ವಿಲಿಯಂ. ಅವರೂ ಪ್ರಮಾಣ ಮಾಡಿದವರೇ.

ಕಾರಣಗಳಿಗೇನೂ ಕೊರತೆಯಿರಲಿಲ್ಲ. ರಾಜ ಒತ್ತಾಯದಿಂದ ಪ್ರಮಾಣ ಮಾಡಿಸಿದ್ದ ಎಂದರು. 1128ರಲ್ಲಿ ನಮ್ಮನ್ನು ಕೇಳದೆ ಮಗಳನ್ನು ಪರನಾಡಿನ ಆಂಜೂ ಮನೆತನಕ್ಕೆ ಮದುವೆ ಮಾಡಿಕೊಟ್ಟ ಎಂದರು. ಸಾಯುವ ಗಳಿಗೆಯಲ್ಲಿ ರಾಜ ಮನಸ್ಸು ಬದಲಾಯಿಸಿದ್ದನೆಂದು ಹ್ಯೂ ಬೈಗಾಡ್ ಎಂಬ ಸರದಾರ ಆಣೆಯಿಟ್ಟು ಹೇಳಿದ. ಎಲ್ಲಕ್ಕಿಂತ ಮಿಗಿಲಾಗಿ, ರಾಜನಿಲ್ಲದ ನಾಡು ಹಾಳಾಗುತ್ತದೆ ಎಂದರು.

ಸ್ಟೀಫನ್ ದುಷ್ಟನಾಗಿದ್ದರೆ ನಮಗೆ ತೀರ್ಪು ಸುಲಭವಾಗುತ್ತಿತ್ತು. ಅವನು ಮೃದು ಸ್ವಭಾವದವನು, ಭಕ್ತ, ಫ್ಯಾವರ್‌ಶಮ್‌ನಲ್ಲಿ ಮಠ ಕಟ್ಟಿಸಿದವನು. 1139ರಲ್ಲಿ ಮಟಿಲ್ಡಾ ಸಿಂಹಾಸನ ಕೇಳಲು ಆರುಂಡೆಲ್ ಕೋಟೆಗೆ ಬಂದಿಳಿದಾಗ, ಅವಳನ್ನು ಸೆರೆಹಿಡಿಯುವ ಅವಕಾಶವಿದ್ದರೂ ಬೆಂಗಾವಲು ಕೊಟ್ಟು ಅವಳ ಕಡೆಯವರ ಬಳಿಗೆ ಕಳುಹಿಸಿದ. ಇಂಥ ಸಜ್ಜನನೇ ಮಾತಿಗೆ ತಪ್ಪಿದ ಎಂಬುದನ್ನು ನಾವು ಗಮನಿಸಬೇಕು.

ಪಾಪ ಮಾಡುತ್ತೇನೆಂದು ಇಟ್ಟ ಆಣೆಗೆ ಬೆಲೆಯಿಲ್ಲ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಹೆರೋದನು ತಾನಿಟ್ಟ ಆಣೆಯನ್ನು ಮುರಿದಿದ್ದರೆ ಸ್ನಾನಿಕ ಯೊವಾನ್ನರ ಪ್ರಾಣ ಉಳಿಯುತ್ತಿತ್ತು. ಆಣೆ ಉಳಿಸಿಕೊಂಡದ್ದೇ ಅವನ ಪಾಪ. ಆದರೆ ಮಟಿಲ್ಡಾ ರಾಣಿಯಾಗುವುದರಲ್ಲಿ ಯಾವ ಪಾಪವಿತ್ತು? ಅದು ಹಲವರಿಗೆ ಅನನುಕೂಲವಾಗಿತ್ತು, ಅಷ್ಟೇ. ಪ್ರಮಾಣದಿಂದ ಬಿಡುಗಡೆ ಕೊಟ್ಟವರಾದರೂ ಯಾರು? ಬಿಡುಗಡೆಯಿಂದ ಲಾಭ ಪಡೆಯುವವರೇ. ಸಾಲ ಪಡೆದವನು ತನ್ನ ಸಾಲವನ್ನು ತಾನೇ ಮನ್ನಾ ಮಾಡಿಕೊಂಡಂತಾಯಿತು! ಕೊಟ್ಟ ಮಾತು ಕೊಟ್ಟವನ ಸೊತ್ತಲ್ಲ, ಪಡೆದವನ ಸೊತ್ತು. ಅದನ್ನು ನಾವಾಗಿಯೇ ಹಿಂದಕ್ಕೆ ತೆಗೆದುಕೊಳ್ಳುವುದು ಕಳವಿಗೆ ಸಮ.

ಮುಂದೆ ನಡೆದದ್ದೇನು? ದೊಡ್ಡವರೇ ಮುರಿದ ಪ್ರಮಾಣವನ್ನು ಚಿಕ್ಕವರು ಯಾಕೆ ಉಳಿಸಿಕೊಳ್ಳಬೇಕು? ಸರದಾರರು ಗಾಳಿ ಬಂದ ಕಡೆ ತೂರಿಕೊಂಡರು. ಸ್ಟೀಫನನ ತಮ್ಮ, ವಿಂಚೆಸ್ಟರಿನ ಧರ್ಮಾಧ್ಯಕ್ಷರು, ಅಣ್ಣನನ್ನು ಸಿಂಹಾಸನಕ್ಕೆ ಏರಿಸಿದವರು. 1141ರ ಫೆಬ್ರವರಿ 2ರಂದು ಅಣ್ಣ ಲಿಂಕನ್ ಯುದ್ಧದಲ್ಲಿ ಸೆರೆಯಾದೊಡನೆ ಮಟಿಲ್ಡಾಳನ್ನು ಸ್ವಾಗತಿಸಿದರು. ಅದೇ ವರ್ಷ ಮತ್ತೆ ಅಣ್ಣನ ಪಕ್ಷ ಸೇರಿದರು. ಸಿಕ್ಕಸಿಕ್ಕಲ್ಲಿ ಕೋಟೆಗಳು ಎದ್ದವು. ಕಟ್ಟಲು ಬಡವರನ್ನು ಬಿಟ್ಟಿ ದುಡಿಸಿಕೊಂಡರು. ಹಣಕ್ಕಾಗಿ ಜನರನ್ನು ಹಿಂಸಿಸಿದ್ದನ್ನೂ, ಉಳುವವರಿಲ್ಲದೆ ಹೊಲಗಳು ಬೀಳುಬಿದ್ದದ್ದನ್ನೂ ಪೀಟರ್‌ಬರೊ ಮಠದ ಸನ್ಯಾಸಿಯೊಬ್ಬ ಬರೆದಿಟ್ಟಿದ್ದಾನೆ.

ನ್ಯಾಯ ತನ್ನ ಕಡೆಗಿದ್ದ ಮಟಿಲ್ಡಾಳಾದರೂ ಏನು ಮಾಡಿದಳು? ಲಂಡನ್ನಿನ ಜನ ತೆರಿಗೆ ಕಡಿಮೆ ಮಾಡೆಂದು ಬೇಡಿಕೊಂಡಾಗ ಗದರಿಸಿ ಕಳುಹಿಸಿದಳು. ಕಿರೀಟಧಾರಣೆಗೆ ಮೊದಲೇ ಜನ ಅವಳನ್ನು ಊರಿನಿಂದ ಓಡಿಸಿದರು. ಅವಳಿಗೆ ನಿಷ್ಠನಾಗಿ ನಿಂತ ವಾಲಿಂಗ್‌ಫರ್ಡಿನ ಬ್ರಿಯಾನ್ ಆಸ್ತಿಯನ್ನೆಲ್ಲ ಕಳೆದುಕೊಂಡ. ಕೊನೆಗೆ ವಿಂಚೆಸ್ಟರಿನ ಸಂತೆಗೆ ಹೋಗುವವರನ್ನು ದೋಚುವ ಮಟ್ಟಕ್ಕೆ ಇಳಿದ. ಧರ್ಮಾಧ್ಯಕ್ಷರು ಆಕ್ಷೇಪಿಸಿದಾಗ, ಅವಳ ಪಕ್ಷ ಹಿಡಿಯಲು ನನಗೆ ಆಜ್ಞಾಪಿಸಿದವರು ತಾವೇ ಅಲ್ಲವೇ ಎಂಬ ಅರ್ಥದ ಪತ್ರ ಬರೆದ. ಹಕ್ಕು ನಮ್ಮ ಕಡೆಗಿದೆ ಎಂಬ ಮಾತ್ರಕ್ಕೆ ನಾವು ಮಾಡುವುದೆಲ್ಲ ನ್ಯಾಯವಾಗುವುದಿಲ್ಲ.

1153ರಲ್ಲಿ ಥೇಮ್ಸ್ ನದಿಯ ಎರಡೂ ದಡಗಳಲ್ಲಿ ಸೈನ್ಯಗಳು ಎದುರುಬದುರಾದವು. ಒಂದೆಡೆ ಸ್ಟೀಫನ್, ಇನ್ನೊಂದೆಡೆ ಮಟಿಲ್ಡಾಳ ಮಗ ಹೆನ್ರಿ. ಸಾಕಾಗಿ ಹೋಗಿದ್ದ ಸರದಾರರು ಕಾದಲು ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ಸ್ಟೀಫನನ ಹಿರಿಯ ಮಗ ಯೂಸ್ಟಸ್ ತೀರಿಕೊಂಡ. ಕ್ಯಾಂಟರ್ಬರಿಯ ಥಿಯೊಬಾಲ್ಡರ ಜೊತೆ ಅದೇ ವಿಂಚೆಸ್ಟರಿನ ಧರ್ಮಾಧ್ಯಕ್ಷರೂ ಸಂಧಾನಕ್ಕೆ ನಿಂತರು. ನವೆಂಬರ್‌ನಲ್ಲಿ ಒಪ್ಪಂದವಾಯಿತು: ಬದುಕಿರುವವರೆಗೆ ಸ್ಟೀಫನ್ ರಾಜ, ಅನಂತರ ಹೆನ್ರಿ. ಸ್ಟೀಫನನ ಕಿರಿಯ ಮಗ ವಿಲಿಯಂ ಕಿರೀಟದ ಆಸೆ ಬಿಟ್ಟ. ತನ್ನ ಹಕ್ಕಿಗಾಗಿ ಹೋರಾಡಿದ ಮಟಿಲ್ಡಾ ರಾಣಿಯಾಗಲೇ ಇಲ್ಲ. 1154ರ ಡಿಸೆಂಬರ್ 19ರಂದು ಹೆನ್ರಿಗೆ ಪಟ್ಟಾಭಿಷೇಕವಾಯಿತು.

ಮುರಿದ ಮಾತು ಕೂಡಿಬಂದದ್ದು ವಾದದಿಂದಲ್ಲ, ಬಿಟ್ಟುಕೊಟ್ಟದ್ದರಿಂದ. ಪಾಪನಿವೇದನೆಯಲ್ಲಿಯೂ ಹೀಗೆಯೇ ಅಲ್ಲವೇ? ಕದ್ದದ್ದನ್ನು ಕೈಯಲ್ಲೇ ಹಿಡಿದುಕೊಂಡು ‘ತಪ್ಪಾಯಿತು’ ಎಂದರೆ ಸಾಲದು, ಹಿಂದಿರುಗಿಸಬೇಕು.

ಬಂಧುಗಳೇ, ನಮ್ಮ ಮನೆಗಳಲ್ಲಿ ಕಿರೀಟವಿಲ್ಲ. ಆದರೆ ತಂದೆಯ ಹಾಸಿಗೆಯ ಪಕ್ಕದಲ್ಲಿ ನಿಂತು ‘ತಂಗಿಯ ಪಾಲು ತಂಗಿಗೆ ಕೊಡುತ್ತೇವೆ’ ಎಂದು ಆಡಿದ ಮಾತು ಇದೆ. ಮಣ್ಣು ಮಾಡಿ ಬಂದ ಮೇಲೆ ಕಾರಣಗಳು ಹುಟ್ಟುತ್ತವೆ: ‘ಆಗ ಅಪ್ಪನ ಮನಸ್ಸು ನೋಯಿಸಬಾರದೆಂದು ಹೂಂ ಎಂದೆವು’, ‘ನಮ್ಮನ್ನು ಕೇಳದೆ ಮದುವೆಯಾದವಳು’, ‘ಕೊನೆಗೆ ಅಪ್ಪ ಬೇರೆಯೇ ಹೇಳಿದ್ದರು’, ‘ಪಾಲಾದರೆ ಮನೆ ಒಡೆಯುತ್ತದೆ’. ಒಂಬೈನೂರು ವರ್ಷಗಳ ಹಿಂದಿನ ಆ ಕಾರಣಗಳೇ ಅಲ್ಲವೇ ಇವು?

ಇಂಥ ಸಮಯದಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಈ ಮಾತು ಉಳಿಸಿಕೊಂಡರೆ ಪಾಪವಾಗುತ್ತದೆಯೇ, ಬರೀ ನಷ್ಟವಾಗುತ್ತದೆಯೇ? ಬಿಡುಗಡೆಯನ್ನು ಮಾತು ಪಡೆದವರು ಕೊಟ್ಟರೇ, ನಾನೇ ಕೊಟ್ಟುಕೊಂಡೆನೇ? ತನಗೆ ನಷ್ಟವಾದರೂ ಆಣೆಗೆ ತಪ್ಪದವನನ್ನು ಹದಿನೈದನೆಯ ಕೀರ್ತನೆ ದೇವರ ಗುಡಾರದಲ್ಲಿ ವಾಸಿಸಲು ಯೋಗ್ಯನೆಂದು ಎಣಿಸುತ್ತದೆ. ನಮ್ಮ ಹೌದು ಹೌದಾಗಿಯೇ ಉಳಿಯುವ ಶಕ್ತಿಯನ್ನು, ತಪ್ಪಿದ್ದರೆ ಬಿಟ್ಟುಕೊಡುವ ದೊಡ್ಡ ಮನಸ್ಸನ್ನು ಪ್ರಭು ಯೇಸು ನಮ್ಮ ಕುಟುಂಬಗಳಿಗೆ ಕರುಣಿಸಲಿ.