ಅಂಜಿಕೆಯೂ ಹೇಡಿತನವೂ

ಬಹು ಅಂತಸ್ತುಗಳ ಕಟ್ಟಡವೊಂದರ ತುದಿಯಲ್ಲಿ ನಿಂತು ಕೆಳಗೆ ನೋಡಿದೊಡನೆ ಕೆಲವರ ಕಾಲು ನಡುಗುತ್ತದೆ, ಅಂಗೈ ಬೆವರುತ್ತದೆ, ಕಣ್ಣು ಕತ್ತಲೆಗೂಡುತ್ತದೆ. ಎದುರಿಗೆ ಎದೆಯೆತ್ತರದ ಗೋಡೆಯಿದೆ, ಕಾಲಡಿಯಲ್ಲಿ ಕಾಂಕ್ರೀಟಿನ ಗಟ್ಟಿ ನೆಲವಿದೆ, ಬೀಳುವ ಸಂಭವವಿಲ್ಲ ಎಂಬುದು ಅವರಿಗೂ ಗೊತ್ತು. ಗೊತ್ತಿದ್ದರೂ ಅಂಜಿಕೆ ಬಿಡದು. ಇಂಥವರನ್ನು ಹೇಡಿಗಳೆಂದು ಕರೆಯಬಹುದೇ? ಈ ಅಂಜಿಕೆಯು ಮನಸ್ಸಿನ ದೋಷವೋ, ದೇಹದ ಧರ್ಮವೋ? ಅದನ್ನು ಗೆಲ್ಲಲೇಬೇಕೆಂಬ ನಿಯಮವುಂಟೋ? ಪ್ರಶ್ನೆಯು ಚಿಕ್ಕದಾಗಿ ಕಂಡರೂ ಧೈರ್ಯವೆಂದರೇನು ಎಂಬ ದೊಡ್ಡ ಪ್ರಶ್ನೆಯು ಇದರೊಳಗೇ ಅಡಗಿದೆ.

ಯಲಹಂಕದ ನಾಡಪ್ರಭುಗಳ ವಂಶದ ಕೆಂಪೇಗೌಡರು 1537ರಲ್ಲಿ ಬೆಂಗಳೂರಿಗೆ ತಳಹದಿ ಹಾಕಿದರು. ಅವರ ವಂಶದ ಹೆಸರಿನಲ್ಲಿ ಉಳಿದುಬಂದಿರುವ ನಾಲ್ಕು ಗಡಿಗೋಪುರಗಳಲ್ಲಿ ಉತ್ತರ ದಿಕ್ಕಿನದು ಮೇಖ್ರಿ ವೃತ್ತದ ಸಮೀಪದಲ್ಲಿದೆ. ಅದರ ತುದಿಯನ್ನು ನೋಡಲು ಕತ್ತು ನೋಯಿಸಿಕೊಳ್ಳಬೇಕಾದುದಿಲ್ಲ. 1973ರಲ್ಲಿ ಮಹಾತ್ಮ ಗಾಂಧಿ ರಸ್ತೆಯಲ್ಲಿ 25 ಅಂತಸ್ತುಗಳ, 106 ಮೀಟರ್ ಎತ್ತರದ ಯುಟಿಲಿಟಿ ಕಟ್ಟಡವು ತಲೆಯೆತ್ತಿದಾಗ ದಕ್ಷಿಣ ಭಾರತದಲ್ಲಿಯೇ ಅದಕ್ಕೆ ಸಮನಾದುದಿರಲಿಲ್ಲ. ಆ ಬಳಿಕ ಯಶವಂತಪುರಕ್ಕೆ ಅನತಿದೂರದಲ್ಲಿ 128 ಮೀಟರ್ ಎತ್ತರದ ವರ್ಲ್ಡ್ ಟ್ರೇಡ್ ಸೆಂಟರ್ ಎದ್ದಿತು. ಅದನ್ನು ಮೀರಿಸಿದವೂ ಈಗ ಹಲವಿವೆ. ವಾಯುಪಡೆಯ ನೆಲೆಯಿರುವುದರಿಂದ ಯಲಹಂಕದ ಆಸುಪಾಸಿನಲ್ಲಿ ಕಟ್ಟಡಗಳ ಎತ್ತರಕ್ಕೆ ಮಿತಿಯುಂಟು. ಹಾಗಿದ್ದರೂ ಹಿಂದೆ ದ್ರಾಕ್ಷಿಯ ತೋಟವೋ ರಾಗಿಯ ಹೊಲವೋ ಇದ್ದ ಕಡೆಗಳಲ್ಲಿ ಹತ್ತು ಹದಿನೈದು ಅಂತಸ್ತುಗಳ ವಸತಿ ಸಮುಚ್ಚಯಗಳು ಸಾಲುಗಟ್ಟಿವೆ.

ಇದರಿಂದಾಗಿ ಎತ್ತರದ ಪ್ರಶ್ನೆಯು ಕುತೂಹಲದ ಮಟ್ಟದಲ್ಲಿ ಉಳಿದಿಲ್ಲ. ಒಂದು ಕಾಲದಲ್ಲಿ ಪಟ್ಟಣಕ್ಕೆ ಬಂದವರು ಎತ್ತರದ ಕಟ್ಟಡವನ್ನು ಬೀದಿಯಲ್ಲಿ ನಿಂತು ನೋಡಿ ಹಿಂದಿರುಗಬಹುದಾಗಿತ್ತು. ಈಗ ಮಗಳ ಮನೆ ಹನ್ನೆರಡನೆಯ ಅಂತಸ್ತಿನಲ್ಲಿದೆ. ಮೊಮ್ಮಗನ ನಾಮಕರಣ ಅಲ್ಲಿಯೇ ನಡೆಯುತ್ತದೆ. ಮಗನ ಉದ್ಯೋಗ ಗಾಜಿನ ಗೋಡೆಗಳ ನಡುವೆ ಇಪ್ಪತ್ತನೆಯ ಅಂತಸ್ತಿನಲ್ಲಿದೆ. ಜೀವಮಾನವೆಲ್ಲ ಮಣ್ಣಿನ ಮೇಲೆ ಕಾಲೂರಿ ನಡೆದ ತಂದೆತಾಯಿಗಳು ಇಳಿವಯಸ್ಸಿನಲ್ಲಿ ಆ ಎತ್ತರಕ್ಕೆ ಹೋಗಬೇಕಾಗಿದೆ. ಲಿಫ್ಟಿನ ಬಾಗಿಲ ಮುಂದೆ ಅವರು ಅಳುಕಿ ನಿಂತರೆ ಮಕ್ಕಳು ನಗುತ್ತಾರೆ, ಇಲ್ಲವೆ ಸಿಡುಕುತ್ತಾರೆ.

ಈ ಅಂಜಿಕೆಯ ಮೂಲವನ್ನು ಮೊದಲು ವಿಚಾರಿಸೋಣ. ಅಮೆರಿಕದ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಎಂಬ ಮನಶ್ಶಾಸ್ತ್ರಜ್ಞರು 1960ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ದಪ್ಪ ಗಾಜಿನ ಹಾಸಿನ ಒಂದು ಭಾಗದ ಕೆಳಗೆ ಒತ್ತಾಗಿಯೇ ಚೌಕಳಿಯ ಬಟ್ಟೆಯನ್ನು ಹಾಸಿದ್ದರು. ಇನ್ನೊಂದು ಭಾಗದ ಕೆಳಗೆ ಅದೇ ಬಟ್ಟೆಯನ್ನು ಆಳದಲ್ಲಿ ಹಾಸಿದ್ದರು. ಅಂಬೆಗಾಲಿಡುವ 36 ಕೂಸುಗಳನ್ನು ನಡುವಿನ ಹಲಗೆಯ ಮೇಲೆ ಬಿಟ್ಟು ಎರಡೂ ಕಡೆಗಳಿಂದ ತಾಯಂದಿರು ಕರೆಯುವ ಏರ್ಪಾಡಾಗಿತ್ತು. ಹಲಗೆಯನ್ನು ಬಿಟ್ಟು ಹೊರಟ 27 ಕೂಸುಗಳೂ ಆಳವಿಲ್ಲದ ಭಾಗಕ್ಕೆ ಹೋದವು. ಆಳವಾಗಿ ಕಾಣುವ ಭಾಗಕ್ಕೆ ಇಳಿದವು ಮೂರು ಮಾತ್ರ. ಗಾಜು ಗಟ್ಟಿಯಾಗಿದ್ದರೂ ಕಣ್ಣು ಅದನ್ನು ನಂಬಲಿಲ್ಲ. ಮಾತು ಬಾರದ ಕೂಸಿನಲ್ಲಿಯೇ ಕಾಣುವ ಈ ಎಚ್ಚರವನ್ನು ಪಾಪವೆಂದಾಗಲಿ, ಸಂಸ್ಕಾರದ ಕೊರತೆಯೆಂದಾಗಲಿ ಹೇಳುವುದು ಹೇಗೆ?

ದೇಹದ ಸಮತೋಲವು ಒಳಕಿವಿ, ಕಣ್ಣು, ಪಾದ ಮತ್ತು ಸ್ನಾಯುಗಳು ಒದಗಿಸುವ ಸುದ್ದಿಯನ್ನು ಅವಲಂಬಿಸಿದೆ. ನೆಲದ ಮೇಲೆ ನಿಂತಾಗ ಹತ್ತಿರದ ವಸ್ತುಗಳನ್ನು ನೋಡುತ್ತ ಕಣ್ಣು ದೇಹದ ಸಣ್ಣ ತೂಗಾಟವನ್ನು ಗುರುತಿಸಿ ತಿದ್ದುತ್ತದೆ. ಎತ್ತರದಲ್ಲಿ ಹತ್ತಿರದ ವಸ್ತುಗಳಿರುವುದಿಲ್ಲ. ದೂರದ ರಸ್ತೆ ಮರಗಳು ದೇಹವು ತೂಗಿದರೂ ತೂಗಿದಂತೆ ತೋರುವುದಿಲ್ಲ. ಆಗ ಕಣ್ಣಿನ ನೆರವು ತಪ್ಪಿ ದೇಹದ ಓಲಾಟ ಹೆಚ್ಚುತ್ತದೆ. ಆದುದರಿಂದ ತಲೆ ಸುತ್ತುವುದೆಂಬುದು ಬರಿಯ ಕಲ್ಪನೆಯಲ್ಲ. ಕೆಲವರಲ್ಲಿ ಇದು ಹೆಚ್ಚು, ಕೆಲವರಲ್ಲಿ ಕಡಮೆ.

ಅರಿವು ಹೆಚ್ಚಿದರೆ ಅಂಜಿಕೆ ತಾನೇ ಹೋಗುವುದಲ್ಲವೇ ಎಂದು ಕೇಳುವವರುಂಟು. ಫ್ರಾನ್ಸಿನ ಚಿಂತಕನಾದ ಮೊಂತೇನನು ಹದಿನಾರನೆಯ ಶತಮಾನದಲ್ಲಿಯೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಜ್ಞಾನಿಯೊಬ್ಬನನ್ನು ಕಬ್ಬಿಣದ ಪಂಜರದಲ್ಲಿ ಕೂರಿಸಿ ಪ್ಯಾರಿಸಿನ ನೋತ್ರ್ ದಾಮ್ ಗೋಪುರದಿಂದ ತೂಗಬಿಟ್ಟರೆ, ತಾನು ಬೀಳಲಾರೆನೆಂದು ಬುದ್ಧಿಯು ಸಾರಿ ಹೇಳಿದರೂ ಆತನು ನಡುಗದೆ ಇರಲಾರನೆಂಬುದು ಅವನ ಅಭಿಪ್ರಾಯ. ನಮ್ಮ ಪತಂಜಲಿಯೂ ಬದುಕಿಗೆ ಅಂಟಿಕೊಳ್ಳುವ ಅಭಿನಿವೇಶವನ್ನು ಐದು ಕ್ಲೇಶಗಳಲ್ಲಿ ಒಂದಾಗಿ ಎಣಿಸಿ, ಅದು ವಿದ್ವಾಂಸರಲ್ಲಿಯೂ ನೆಲೆಸಿರುವುದೆಂದು ಒಪ್ಪಿಕೊಂಡಿದ್ದಾನೆ. ತಿಳಿವಳಿಕೆಯಿಂದ ಅಂಜಿಕೆಯನ್ನು ಅರ್ಥಮಾಡಿಕೊಳ್ಳಬಹುದು. ಅದನ್ನು ಓಡಿಸುವ ಕೆಲಸವು ತಿಳಿವಳಿಕೆಯೊಂದರಿಂದಲೇ ಆಗುವಂಥದಲ್ಲ.

ಹಾಗಾದರೆ ಹೇಡಿತನವೆಂದರೇನು? ಅಂಜಿಕೆಯು ಹುಟ್ಟುವುದು ದೇಹದಲ್ಲಿ. ಹೇಡಿತನವು ಹುಟ್ಟುವುದು ಸಂಕಲ್ಪದಲ್ಲಿ. ಕಾಲು ನಡುಗುವುದು ನಮ್ಮ ವಶದಲ್ಲಿಲ್ಲ. ನಡುಗುವ ಕಾಲನ್ನು ಯಾವ ಕಡೆಗೆ ಇಡಬೇಕೆಂಬುದು ನಮ್ಮ ವಶದಲ್ಲಿದೆ. ಮಾಡಲೇಬೇಕಾದ ಕಾರ್ಯವನ್ನು ಅಂಜಿಕೆಯ ಕಾರಣದಿಂದ ಬಿಟ್ಟುಕೊಟ್ಟರೆ ಅದು ಹೇಡಿತನ. ಅಂಜುತ್ತಲೇ ಆ ಕಾರ್ಯವನ್ನು ಮಾಡಿ ಮುಗಿಸಿದರೆ ಅದು ಧೈರ್ಯ. ಅಂಜಿಕೆಯೇ ಇಲ್ಲದವನು ಮಾಡಿದ ಕೆಲಸದಲ್ಲಿ ಧೈರ್ಯಕ್ಕೆ ಅವಕಾಶವೇ ಕಡಮೆ.

ಇಲ್ಲಿ ಎರಡು ಮಾತುಗಳನ್ನು ಬಿಡಿಸಿ ಹೇಳಬೇಕಾಗಿದೆ. ಎತ್ತರಕ್ಕೆ ಏರುವುದೇ ಒಂದು ಸದ್ಗುಣವಲ್ಲ. ಶಿವಗಂಗೆಯ ಬೆಟ್ಟದಲ್ಲಿ ಬಂಡೆಯನ್ನು ಕಡಿದ ಮೆಟ್ಟಿಲುಗಳೂ ಹಿಡಿದು ಹತ್ತಲು ಕಬ್ಬಿಣದ ಕಂಬಿಗಳೂ ಇವೆ. ಮೇಲಣಗವಿ ಮಠದವರೆಗೆ ಹೋಗಿ ನಮಸ್ಕರಿಸಿ, ತುದಿಯ ಕಡಿದಾದ ಬಂಡೆಯನ್ನು ಹತ್ತದೆ ಹಿಂದಿರುಗಿದ ಭಕ್ತನ ಭಕ್ತಿಗೆ ಕೊರತೆಯುಂಟೇ? ನೆರೆಯವರ ಕೊಂಕುಮಾತಿಗೆ ಹಟ ಹಿಡಿದು ಹತ್ತಿದವನ ಭಕ್ತಿ ಹೆಚ್ಚಾಯಿತೇ? ದೇಹವನ್ನೇ ದೇಗುಲವೆಂದು ಕಂಡ ಶರಣರು ಕಲ್ಲಿನ ಎತ್ತರದಿಂದ ಮನುಷ್ಯನನ್ನು ಅಳೆಯಲಿಲ್ಲ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್‌ಸ್ಥಲದ ಮಾರ್ಗವೂ ಒಂದು ಏರಿಕೆಯೇ. ಆದರೆ ಅಲ್ಲಿ ಹೆಜ್ಜೆಹೆಜ್ಜೆಗೂ ಕರಗಬೇಕಾದುದು ನಾನೆಂಬ ಹಮ್ಮು. ಹಮ್ಮಿಗಾಗಿ ಮಾಡುವ ಸಾಹಸವು ಇದಕ್ಕೆ ವಿರುದ್ಧವಾದುದು.

ಎರಡನೆಯ ಮಾತು ಇದಕ್ಕಿಂತ ಕಠಿಣವಾದುದು. ಕರ್ತವ್ಯವಿಲ್ಲದ ಕಡೆ ಏರಬೇಕಾಗಿಲ್ಲವೆಂದು ಒಪ್ಪಿದೊಡನೆ ಅಂಜಿಕೆಯು ವಕೀಲನ ವೇಷ ತೊಟ್ಟು ಬರುತ್ತದೆ. ಮಗಳೇ ಕೆಳಗೆ ಬಂದು ನೋಡಿಹೋಗಲಿ, ಕಾಯಿಲೆಯ ಗೆಳೆಯನಿಗೆ ಫೋನು ಮಾಡಿದರೆ ಸಾಕು, ಆ ಕಚೇರಿಯಲ್ಲಿ ದೂರು ಕೊಟ್ಟು ಆಗುವುದಾದರೂ ಏನು ಎಂದು ಒಂದೊಂದೇ ವಾದವನ್ನು ಹೂಡುತ್ತದೆ. ಈ ವಾದಗಳಲ್ಲಿ ನಿಜವೆಷ್ಟು, ನೆಪವೆಷ್ಟು ಎಂದು ತಿಳಿಯುವ ಬಗೆ ಯಾವುದು? ಒಂದು ಪರೀಕ್ಷೆಯಿದೆ. ಆ ಮನೆ, ಆ ರೋಗಿ, ಆ ಕಚೇರಿ ನೆಲದಂತಸ್ತಿನಲ್ಲಿದ್ದಿದ್ದರೆ ಹೋಗುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಹೋಗುತ್ತಿರಲಿಲ್ಲವೆಂದು ಅಂತಃಕರಣವು ಹೇಳಿದರೆ ಹೋಗದಿರುವುದರಲ್ಲಿ ತಪ್ಪಿಲ್ಲ. ಹೋಗುತ್ತಿದ್ದೆನೆಂದು ಹೇಳಿದರೆ, ಇಲ್ಲಿ ನಿರ್ಧಾರ ಮಾಡುತ್ತಿರುವುದು ವಿವೇಕವಲ್ಲ, ಅಂಜಿಕೆ. ಆಗ ಹೊರಡುವುದೇ ಧರ್ಮ.

ಹೊರಡುವುದೆಂದರೆ ಒಮ್ಮೆಗೇ ಧುಮುಕುವುದೆಂದಲ್ಲ. ಜರ್ಮನಿಯ ಮಹಾಕವಿ ಗಯಟೆಗೆ ಎತ್ತರವೆಂದರೆ ತಲೆ ಸುತ್ತುತ್ತಿತ್ತು. ಸ್ಟ್ರಾಸ್‌ಬರ್ಗಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1770-71ರ ಸುಮಾರಿನಲ್ಲಿ, ಅವನು ಅಲ್ಲಿಯ 142 ಮೀಟರ್ ಎತ್ತರದ ಇಗರ್ಜಿಯ ಗೋಪುರವನ್ನು ಒಬ್ಬನೇ ಹತ್ತಿ, ಶಿಖರದ ಕೆಳಗೆ ಕಾಲು ಗಂಟೆ ಕುಳಿತಿದ್ದು, ಆಮೇಲೆ ಹೊರಗಿನ ಇಕ್ಕಟ್ಟಾದ ಜಗುಲಿಗೆ ಬಂದು ನಿಲ್ಲುತ್ತಿದ್ದನು. ಇದನ್ನು ಮತ್ತೆ ಮತ್ತೆ ಮಾಡಿದ್ದರಿಂದ ಆ ದೃಶ್ಯವು ಅವನನ್ನು ಕಲಕದಾಯಿತು. ಮುಂದೆ ಪರ್ವತ ಪ್ರವಾಸಗಳಲ್ಲಿಯೂ, ಕಟ್ಟುತ್ತಿರುವ ಕಟ್ಟಡಗಳ ಬರಿಯ ತೊಲೆಗಳ ಮೇಲೆ ನಡೆಯಬೇಕಾದಾಗಲೂ ಈ ಅಭ್ಯಾಸವು ತನಗೆ ಒದಗಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾನೆ. ಇಂದಿನ ಮನೋವೈದ್ಯರು ಅನುಸರಿಸುವ ಮಾರ್ಗವೂ ಇದೇ ಜಾತಿಯದು. ಇಂದು ಎರಡನೆಯ ಅಂತಸ್ತು, ಮುಂದಿನ ವಾರ ನಾಲ್ಕನೆಯದು. ಮೊದಲು ಗೋಡೆಯಿಂದ ದೂರ, ಬಳಿಕ ಸ್ವಲ್ಪ ಹತ್ತಿರ. ಸಾಧನೆಯೆಂಬುದು ಮಠದ ವಿದ್ಯಾರ್ಥಿಗಳಿಗೆ ಹೊಸ ಶಬ್ದವೇನಲ್ಲ.

ಎಲ್ಲರೂ ಒಬ್ಬರೇ ಏರಬೇಕೆಂದೂ ಇಲ್ಲ. ಮೇಲೆ ಹೇಳಿದ ಗಾಜಿನ ಹಾಸಿನ ಪ್ರಯೋಗವನ್ನು ಬೇರೆ ವಿದ್ವಾಂಸರು ಇನ್ನೊಂದು ಬಗೆಯಲ್ಲಿ ನಡೆಸಿ 1985ರಲ್ಲಿ ಪ್ರಕಟಿಸಿದರು. ಒಂದು ವರ್ಷದ ಕೂಸುಗಳು ಅಂಚಿಗೆ ಬಂದು ಅನುಮಾನದಿಂದ ತಾಯಿಯ ಮುಖ ನೋಡಿದವು. ತಾಯಿಯ ಮುಖದಲ್ಲಿ ನಗುವನ್ನು ಕಂಡ 19 ಕೂಸುಗಳಲ್ಲಿ 14 ದಾಟಿದವು. ತಾಯಿಯ ಮುಖದಲ್ಲಿ ಭಯವನ್ನು ಕಂಡ 17ರಲ್ಲಿ ಒಂದಾದರೂ ದಾಟಲಿಲ್ಲ. ನಂಬಿದ ಮುಖವೊಂದು ಎದುರಿಗಿದ್ದರೆ ದಾಟಲಾಗದ್ದನ್ನೂ ದಾಟಬಹುದು. ಅಷ್ಟಾವರಣದಲ್ಲಿ ಗುರುವಿಗೆ ಮೊದಲ ಸ್ಥಾನವಿರುವುದರ ಅರ್ಥವನ್ನು ಈ ಕೂಸುಗಳಿಂದಲೂ ಕಲಿಯಬಹುದು. ಆದುದರಿಂದ ಎತ್ತರಕ್ಕೆ ಅಂಜುವ ತಾಯಿಯನ್ನು ಲಿಫ್ಟಿನಲ್ಲಿ ಕರೆದೊಯ್ಯುವ ಮಗನು ಕೈ ಹಿಡಿದುಕೊಳ್ಳಲಿ, ಕಿಟಕಿಯಿಂದ ದೂರದ ಕುರ್ಚಿಯನ್ನು ಕೊಡಲಿ. ಒಂದು ಕಾಲದಲ್ಲಿ ಅಂಬೆಗಾಲಿಡುವ ಅವನು ನೋಡಿದ್ದು ಆಕೆಯ ಮುಖವನ್ನೇ. ಅಂಜುವವರನ್ನು ತಮಾಷೆಗೆಂದು ಅಂಚಿಗೆ ತಳ್ಳುವುದು, ನಡುಗುವುದನ್ನು ಚಿತ್ರ ತೆಗೆದು ನಾಲ್ವರಿಗೆ ತೋರಿಸುವುದು ವಿನೋದವಲ್ಲ, ಹಿಂಸೆ.

ಇನ್ನು, ಈ ಎತ್ತರಗಳನ್ನು ಕಟ್ಟಿದವರ ವಿಚಾರ. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಗುಳೆ ಬಂದವರೂ ಉತ್ತರದ ರಾಜ್ಯಗಳಿಂದ ಬಂದವರೂ ಸಾರುವೆಯ ಮೇಲೆ ನಿಂತು ಗಾರೆ ಹಚ್ಚುತ್ತಾರೆ, ಹಗ್ಗದಲ್ಲಿ ತೂಗುತ್ತ ಬಣ್ಣ ಬಳಿಯುತ್ತಾರೆ, ಗಾಜು ಒರೆಸುತ್ತಾರೆ. ಕೆಳಗೆ ನಿಂತವರು ಅವರನ್ನು ನೋಡಿ, ಇವರಿಗೆ ಭಯವೆಂಬುದೇ ಇಲ್ಲವೆಂದು ಮೆಚ್ಚುತ್ತಾರೆ. ಈ ಮೆಚ್ಚುಗೆಯಲ್ಲಿ ಒಂದು ಅಪಾಯವಿದೆ. ಗಾಜಿನ ಮೇಲೆ ಹಿಂಜರಿದ ಕೂಸುಗಳಂತೆ ಅವರೂ ಒಂದು ಕಾಲದಲ್ಲಿ ಕೂಸುಗಳಾಗಿದ್ದವರೇ. ಅಭ್ಯಾಸದಿಂದ ಕೆಲವರ ಅಂಜಿಕೆ ತಗ್ಗಿರಬಹುದು. ಕೂಲಿ ತಪ್ಪೀತೆಂದು ಕೆಲವರು ಅದನ್ನು ನುಂಗಿಕೊಂಡಿರಬಹುದು. ಭಯವಿಲ್ಲದವರಿಗೆ ರಕ್ಷಣೆಯೇಕೆ ಎಂಬ ತರ್ಕಕ್ಕೆ ನಮ್ಮ ಮೆಚ್ಚುಗೆಯೇ ದಾರಿ ಮಾಡಿಕೊಡುತ್ತದೆ. ಕಟ್ಟಡ ಕಾರ್ಮಿಕರ ರಕ್ಷಣೆಗಾಗಿ 1996ರಲ್ಲಿಯೇ ಕೇಂದ್ರದ ಶಾಸನವೊಂದು ಬಂದಿತು. ಶಾಸನವಿದ್ದರೂ ಸೊಂಟಕ್ಕೆ ಬೆಲ್ಟಿಲ್ಲದೆ, ಕೆಳಗೆ ಬಲೆಯಿಲ್ಲದೆ ದುಡಿಯುವವರನ್ನು ಈಗಲೂ ಕಾಣುತ್ತೇವೆ. ಕಾಯಕವನ್ನು ಪೂಜ್ಯವೆಂದು ನಂಬಿದ ಸಮಾಜವು ಕಾಯಕಜೀವಿಯ ಪ್ರಾಣವನ್ನು ಅಗ್ಗವೆಂದು ಬಗೆಯಲಾಗದು. ಭಕ್ತರಲ್ಲಿ ಮನೆ ಕಟ್ಟಿಸುವವರಿದ್ದಾರೆ, ಗುತ್ತಿಗೆದಾರರಿದ್ದಾರೆ, ಎಂಜಿನಿಯರುಗಳಿದ್ದಾರೆ. ಒಂದು ಮನೆಯ ಎರಡನೆಯ ಅಂತಸ್ತನ್ನು ಕಟ್ಟಿಸುವಾಗಲೂ, ಮೇಲೆ ನಿಂತವನ ಜಾಗದಲ್ಲಿ ತಾನು ನಿಂತಿದ್ದರೆ ಏನನ್ನು ಬಯಸುತ್ತಿದ್ದೆನೋ ಅದನ್ನು ಒದಗಿಸಿದ ಮೇಲೆಯೇ ಕೆಲಸ ಆರಂಭಿಸಬೇಕು. ತನ್ನ ಅಂಜಿಕೆಯನ್ನು ಬಲ್ಲವನಿಗೆ ಇದು ಬೇಗನೆ ಅರ್ಥವಾಗುತ್ತದೆ. ಅಂಜಿಕೆಯಿಂದ ಆಗಬಹುದಾದ ಒಳಿತು ಇದು.

ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಮಧುವರಸರು ತಮ್ಮ ಮಕ್ಕಳ ವಿವಾಹಸಂಬಂಧಕ್ಕಾಗಿ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ಶರಣ ಪರಂಪರೆಯು ಹೇಳುತ್ತದೆ. ಅವರ ಮೈ ನಡುಗಿತ್ತೋ ಇಲ್ಲವೋ ಬಲ್ಲವರಾರು? ತಾವು ಸರಿಯೆಂದು ಕಂಡುದನ್ನು ಅವರು ಬಿಟ್ಟುಕೊಡಲಿಲ್ಲವೆಂಬುದಷ್ಟೇ ಮುಖ್ಯ. ಮೂವತ್ತನೆಯ ಅಂತಸ್ತಿನ ಅಂಚಿನಲ್ಲಿ ನಿರ್ಭಯವಾಗಿ ನಿಲ್ಲಬಲ್ಲ ಎಷ್ಟೋ ಮಂದಿ, ತಮ್ಮ ಕುಲದ ಹಿರಿಯರ ಮುಂದೆಯೋ ಮೇಲಧಿಕಾರಿಯ ಮುಂದೆಯೋ ಒಂದು ನಿಜವನ್ನು ಆಡಬೇಕಾದಾಗ ಬಾಯಿ ತೆರೆಯಲಾರರು. ಎತ್ತರಕ್ಕೆ ಅಂಜುವ ಸಾಮಾನ್ಯ ಗೃಹಿಣಿಯೊಬ್ಬಳು ಬಾಣಂತಿ ಮಗಳ ಆರೈಕೆಗಾಗಿ ಕಣ್ಣು ಮುಚ್ಚಿಕೊಂಡು ಹದಿನೈದನೆಯ ಅಂತಸ್ತನ್ನು ಏರಿದರೆ, ಆಕೆಯು ಇವರೆಲ್ಲರಿಗಿಂತ ಧೈರ್ಯವಂತೆ. ಆಕೆಗೆ ಹೇಡಿಯೆಂಬ ಹೆಸರು ಸಲ್ಲದು. ಆ ಹೆಸರನ್ನು ನಾಲಗೆಗೆ ತಂದುಕೊಳ್ಳುವ ಮೊದಲು, ನೆಲದ ಮೇಲೆ ನಿಂತೇ ತಾವು ಯಾವ ಯಾವ ಕರ್ತವ್ಯಗಳಿಂದ ಹಿಂಜರಿದಿದ್ದೇವೆಂಬುದನ್ನು ಪ್ರತಿಯೊಬ್ಬರೂ ಎಣಿಸಿ ನೋಡಿಕೊಳ್ಳುವುದು ಒಳ್ಳೆಯದು.